ಕೊಳಗ ಯಾರ ಕೈಯಲ್ಲಿದೆ?

ಮೇ ದಿನ ಬಂದಾಗಲೆಲ್ಲ ನಮ್ಮ ಜುಮಾ ಖುತ್ಬಾಗಳಲ್ಲಿ, ಪತ್ರಿಕೆಗಳ ಸಂಪಾದಕೀಯಗಳಲ್ಲಿ ಕಾರ್ಮಿಕನ ಬೆವರಿನ ಕುರಿತಾದ ಆ ಪ್ರಸಿದ್ಧ ಹದೀಸ್ ತಪ್ಪದೆ ಪ್ರಸ್ತಾಪವಾಗುತ್ತದೆ. ಆಗಬೇಕಾದ್ದೇ. ಆದರೆ ಆ ಹದೀಸ್ ಹೇಳುವುದು ಕೂಲಿಯನ್ನು ಯಾವಾಗ ಕೊಡಬೇಕು ಎಂಬುದನ್ನು. ಎಷ್ಟು ಕೊಡಬೇಕು ಎಂಬಲ್ಲಿಗೆ ಬಂದೊಡನೆ ನಮ್ಮ ಭಾಷಣಕಾರರು 'ನ್ಯಾಯವಾದ ಕೂಲಿ' ಎಂದಷ್ಟೇ ಹೇಳಿ ಮುಂದಕ್ಕೆ ಹೋಗಿಬಿಡುತ್ತಾರೆ. ನ್ಯಾಯವಾದದ್ದು ಎಂದರೆ ಎಷ್ಟು ರೂಪಾಯಿ? ಅದನ್ನು ಅಳೆಯುವವರು ಯಾರು? ಶಿವಮೊಗ್ಗ ಮತ್ತು ಭದ್ರಾವತಿ ಎಂಬ ಎರಡು ಊರುಗಳನ್ನು ಎದುರಿಗಿಟ್ಟುಕೊಂಡು ಈ ಪ್ರಶ್ನೆಯನ್ನು ಕೊಂಚ ಕೆದಕಿ ನೋಡಬೇಕೆಂದು ನಮಗನಿಸಿದೆ.

ಅಳತೆಯ ಜಗಳ ಈ ಜಿಲ್ಲೆಗೆ ಹೊಸದೇನಲ್ಲ. ಸಾಗರ ತಾಲೂಕಿನ ಕಾಗೋಡಿನಲ್ಲಿ 1951ರಲ್ಲಿ ನಡೆದ ರೈತ ಸತ್ಯಾಗ್ರಹವನ್ನು ನಾವೆಲ್ಲ ಭೂಮಿಯ ಹೋರಾಟವೆಂದೇ ನೆನೆಯುತ್ತೇವೆ. ಎಚ್. ಗಣಪತಿಯಪ್ಪ, ಶಾಂತವೇರಿ ಗೋಪಾಲಗೌಡರ ಹೆಸರುಗಳು, ಲೋಹಿಯಾ ಅವರು ಬಂದು ಬಂಧನಕ್ಕೊಳಗಾದದ್ದು ಎಲ್ಲರಿಗೂ ಗೊತ್ತು. ಆದರೆ ಆ ಕಿಡಿ ಹೊತ್ತಿಕೊಂಡದ್ದು ಒಂದು ಪಾತ್ರೆಯಿಂದ. ಗೇಣಿಯ ಭತ್ತವನ್ನು ಅಳೆದುಕೊಳ್ಳಲು ಒಡೆಯರು ಬಳಸುತ್ತಿದ್ದ ಕೊಳಗ ರೂಢಿಯ ಕೊಳಗಕ್ಕಿಂತ ದೊಡ್ಡದಾಗಿತ್ತು ಎಂಬುದು ಗೇಣಿದಾರರ ದೂರು. ಇಷ್ಟು ಕೊಳಗ ಎಂಬ ಮಾತಿನಲ್ಲಿ ಮೋಸವಿರಲಿಲ್ಲ. ಮೋಸವಿದ್ದದ್ದು ಕೊಳಗದಲ್ಲಿ. ಮುಂದೆ 1974ರ ಭೂಸುಧಾರಣೆ ಕಾನೂನು ಗೇಣಿ ಪದ್ಧತಿಯನ್ನೇ ತೆಗೆದುಹಾಕಿತು. ಕೊಳಗ ಮಾತ್ರ ಬೇರೆ ಬೇರೆ ರೂಪಗಳಲ್ಲಿ ಉಳಿದುಕೊಂಡಿದೆ ಎನ್ನುವುದು ನಮ್ಮ ತಕರಾರು.

ಕನಿಷ್ಠ ವೇತನವೂ ಒಂದು ಅಳತೆಯೇ. 1948ರ ಕನಿಷ್ಠ ವೇತನ ಕಾಯ್ದೆ, ವೇತನವನ್ನು ಸರ್ಕಾರ ನಿಗದಿ ಮಾಡಬೇಕು, ಐದು ವರ್ಷ ಮೀರದಂತೆ ಪರಿಷ್ಕರಿಸಬೇಕು ಎಂದಿತ್ತೇ ಹೊರತು ಯಾವ ಲೆಕ್ಕದಲ್ಲಿ ಎಂಬುದನ್ನು ಹೇಳಿರಲಿಲ್ಲ. ಆ ಲೆಕ್ಕ ಬಂದದ್ದು 1957ರಲ್ಲಿ, ಹದಿನೈದನೆಯ ಭಾರತೀಯ ಕಾರ್ಮಿಕ ಸಮ್ಮೇಳನದಲ್ಲಿ. ದುಡಿಯುವವನೊಬ್ಬ, ಅವನನ್ನು ಸೇರಿಸಿ ಮೂರು 'ಬಳಕೆ ಘಟಕ'ಗಳು. ಒಂದು ಘಟಕಕ್ಕೆ ದಿನಕ್ಕೆ 2,700 ಕ್ಯಾಲೊರಿ ಆಹಾರ. ನಾಲ್ವರ ಕುಟುಂಬಕ್ಕೆ ವರ್ಷಕ್ಕೆ 72 ಗಜ ಬಟ್ಟೆ. ಸರ್ಕಾರಿ ವಸತಿ ಯೋಜನೆಯ ದರದಲ್ಲಿ ಮನೆ ಬಾಡಿಗೆ. ಸೌದೆ, ದೀಪ, ಚಿಲ್ಲರೆ ಖರ್ಚಿಗೆಂದು ಒಟ್ಟು ವೇತನದ ಶೇ. 20. ಮಕ್ಕಳ ಓದು, ಔಷಧಿ, ಹಬ್ಬ, ಮದುವೆ, ಮುಪ್ಪು ಇವುಗಳಿಗೆಂದು ಶೇ. 25ರಷ್ಟನ್ನು ಸೇರಿಸಬೇಕೆಂದು ಸುಪ್ರೀಂ ಕೋರ್ಟ್ ರೆಪ್ಟಾಕೋಸ್ ಬ್ರೆಟ್ ಪ್ರಕರಣದಲ್ಲಿ ಹೇಳುವ ಹೊತ್ತಿಗೆ 1991 ಆಗಿತ್ತು. ಅಂದರೆ ಮೂವತ್ತನಾಲ್ಕು ವರ್ಷಗಳ ಕಾಲ ಬಡವನ ಲೆಕ್ಕದ ಪುಸ್ತಕದಲ್ಲಿ ಜ್ವರಕ್ಕೂ ಹಬ್ಬಕ್ಕೂ ಕಾಲಂ ಇರಲಿಲ್ಲ!

ಈ ಸೂತ್ರವನ್ನು ದೊಡ್ಡ ಸಾಧನೆಯೆಂದು ಹೊಗಳುವವರಿದ್ದಾರೆ. ಅದು ಸಾಧನೆಯೇ, ಏಕೆಂದರೆ ಕೂಲಿಯನ್ನು ಮಾಲೀಕನ ಔದಾರ್ಯದಿಂದ ಬಿಡಿಸಿ ಅಡುಗೆಮನೆಯ ಲೆಕ್ಕಕ್ಕೆ ತಂದು ಕೂರಿಸಿತು. ಆದರೂ ಅದನ್ನು ಒಂದು ಬರಹವನ್ನು ಓದುವಂತೆ ನಿಧಾನವಾಗಿ ಓದಿ ನೋಡಿ. ಮೂರು ಘಟಕ ಹೇಗಾಯಿತು? ಗಂಡಸಿಗೆ ಒಂದು, ಹೆಂಡತಿಗೆ 0.8, ಇಬ್ಬರು ಮಕ್ಕಳಿಗೆ ತಲಾ 0.6. ನೀರು ಹೊತ್ತು, ಅಡುಗೆ ಮಾಡಿ, ಮಿಕ್ಕ ಹೊತ್ತಿನಲ್ಲಿ ಊದಿನಕಡ್ಡಿ ಹೊಸೆಯುವ ಹೆಣ್ಣಿಗೆ ಗಂಡಸಿನ ಮುಕ್ಕಾಲಿಗಿಂತ ಸ್ವಲ್ಪ ಹೆಚ್ಚು ಸಾಕು! ಇನ್ನು ಅತ್ತೆ, ಮಾವ, ಗಂಡನಿಂದ ದೂರವಾಗಿ ತವರಿಗೆ ಬಂದ ತಂಗಿ, ಇವರಾರೂ ಈ ಮನೆಯಲ್ಲಿಲ್ಲ. ಶಿವಮೊಗ್ಗದ ಟಿಪ್ಪುನಗರದಲ್ಲೋ ಆರ್.ಎಂ.ಎಲ್. ನಗರದಲ್ಲೋ ಇಂತಹ ನಾಲ್ವರ ಮನೆಯನ್ನು ಹುಡುಕಿಕೊಂಡು ಹೊರಟರೆ ಸಾಕಷ್ಟು ಬೀದಿಗಳನ್ನು ಸುತ್ತಬೇಕಾದೀತು.

ಹೀಗಿದ್ದೂ ಆ ಸಣ್ಣ ಅಳತೆಯನ್ನು ಪ್ರಾಮಾಣಿಕವಾಗಿ ತುಂಬಿಸಿದರೆ ಏನಾಗುತ್ತದೆಂಬುದು 2025ರ ಏಪ್ರಿಲ್‌ನಲ್ಲಿ ಗೊತ್ತಾಯಿತು. ಕರ್ನಾಟಕ ಸರ್ಕಾರ 1957ರ ಸೂತ್ರ ಮತ್ತು 1991ರ ತೀರ್ಪನ್ನು ಆಧರಿಸಿ ಹೊಸ ಕರಡು ಅಧಿಸೂಚನೆ ಹೊರಡಿಸಿತು. ಅತಿ ಕೆಳಗಿನ ವಲಯದಲ್ಲಿ, ಯಾವ ಕುಶಲತೆಯೂ ಇಲ್ಲದ ಕೆಲಸಗಾರನಿಗೆ ತಿಂಗಳಿಗೆ ಸುಮಾರು 19,300 ರೂಪಾಯಿ ಎಂದು ಲೆಕ್ಕ ಬಂತು. ಮಾಲೀಕರ ಸಂಘಟನೆಗಳು ಹೌಹಾರಿದವು. ಉದ್ದಿಮೆಗಳು ನೆರೆರಾಜ್ಯಗಳಿಗೆ ಹೊರಟುಹೋಗುತ್ತವೆ ಎಂಬ ಎಚ್ಚರಿಕೆಗಳು ಬಂದವು. ನಮಗೆ ಇದರಲ್ಲಿ ಕಂಡ ಸೋಜಿಗ ಬೇರೆ. ಸರ್ಕಾರ ಯಾವ ಹೊಸ ಸೌಲಭ್ಯವನ್ನೂ ಸೇರಿಸಿರಲಿಲ್ಲ. ಅರವತ್ತೆಂಟು ವರ್ಷ ಹಳೆಯ ಅನ್ನ, ಬಟ್ಟೆ, ಬಾಡಿಗೆಯ ಪಟ್ಟಿಗೆ ಇಂದಿನ ಸಂತೆಯ ಬೆಲೆ ಹಾಕಿತ್ತು ಅಷ್ಟೆ. ಅದೇ ಇಷ್ಟು ದುಬಾರಿಯಾಗಿ ಕಂಡಿತೆಂದರೆ, ಇಷ್ಟು ವರ್ಷ ಕೊಟ್ಟದ್ದೇನು ಎಂದು ಕೇಳಬೇಕಾಗುತ್ತದೆ.

ಈ ಕರಡಿನಲ್ಲಿ ಇನ್ನೊಂದು ಅಂಶವಿದೆ, ನಮ್ಮ ಎರಡು ಊರುಗಳಿಗೆ ಸಂಬಂಧಿಸಿದ್ದು. ಶಿವಮೊಗ್ಗ ಜಿಲ್ಲಾ ಕೇಂದ್ರ, ಆದ್ದರಿಂದ ಎರಡನೆಯ ವಲಯ. ಭದ್ರಾವತಿ ತಾಲೂಕು ಕೇಂದ್ರ, ಆದ್ದರಿಂದ ಮೂರನೆಯದು. ಒಂದೇ ಕೆಲಸಕ್ಕೆ ತಿಂಗಳಿಗೆ ಹೆಚ್ಚುಕಡಿಮೆ 1,900 ರೂಪಾಯಿ ವ್ಯತ್ಯಾಸ. ನಡುವೆ ಇರುವುದು ಅರ್ಧ ಗಂಟೆಯ ಬಸ್ ದಾರಿ. ಅಕ್ಕಿ, ಎಣ್ಣೆ, ಗ್ಯಾಸ್ ಸಿಲಿಂಡರ್‌ಗಳಿಗೆ ವಲಯಗಳಿಲ್ಲ. ಬಾಡಿಗೆ ಭದ್ರಾವತಿಯಲ್ಲಿ ಕಡಿಮೆಯೆಂಬುದು ನಿಜ. ಅದು ಏಕೆ ಕಡಿಮೆ ಎಂದು ಕೇಳಿದರೆ ಆ ಊರಿನ ಕಥೆಯನ್ನೇ ಹೇಳಬೇಕಾಗುತ್ತದೆ.

ಭದ್ರಾವತಿ ಸಂಬಳದ ಮೇಲೆ ಎದ್ದುನಿಂತ ಊರು. 1923ರಲ್ಲಿ ಕಬ್ಬಿಣ ಹರಿಯತೊಡಗಿದ, ವಿಶ್ವೇಶ್ವರಯ್ಯನವರು ಅಧ್ಯಕ್ಷರಾಗಿ ಉಳಿಸಿ ಬೆಳೆಸಿದ ಕಾರ್ಖಾನೆ, 1936ರಲ್ಲಿ ಸ್ಥಾಪನೆಯಾದ ಮೈಸೂರು ಕಾಗದ ಕಾರ್ಖಾನೆ, ಇವೆರಡರ ಬಟವಾಡೆಯ ದಿನವೇ ಊರಿನ ಸಂತೆಯ ದಿನವಾಗಿತ್ತು. ಕಾಯಂ ಕೆಲಸಗಾರನ ಸಂಬಳ ಅವನ ಮನೆಯೊಳಗೇ ಉಳಿಯುತ್ತಿರಲಿಲ್ಲ. ಅದು ಹೊಸಮನೆಯ ದಿನಸಿ ಅಂಗಡಿಗೆ, ದರ್ಜಿಗೆ, ಸೈಕಲ್ ರಿಪೇರಿಯವನಿಗೆ, ಮಾಂಸದಂಗಡಿಗೆ, ಟ್ಯೂಷನ್ ಹೇಳಿಕೊಡುವ ಮಾಸ್ತರರಿಗೆ ಹರಿಯುತ್ತಿತ್ತು. ಒಳ್ಳೆಯ ಕೂಲಿ ಬಡತನವನ್ನು ಹೇಗೆ ಕಡಿಮೆ ಮಾಡುತ್ತದೆ ಎಂಬುದಕ್ಕೆ ಅರ್ಥಶಾಸ್ತ್ರದ ಪುಸ್ತಕ ಬೇಕಿಲ್ಲ, ಈ ಊರಿನ ಹಳಬರನ್ನು ಕೇಳಿದರೆ ಸಾಕು. ಕಾಗದ ಕಾರ್ಖಾನೆಯ ಉತ್ಪಾದನೆ 2015ರಲ್ಲಿ ನಿಂತಿತು. ಉಕ್ಕಿನ ಕಾರ್ಖಾನೆಯನ್ನು ಮುಚ್ಚುವುದಾಗಿ ಉಕ್ಕು ಪ್ರಾಧಿಕಾರ 2023ರ ಜನವರಿಯಲ್ಲಿ ಹೇಳಿದಾಗ ತಿಂಗಳುಗಟ್ಟಲೆ ಧರಣಿ ಕೂತವರು ಗುತ್ತಿಗೆ ಕಾರ್ಮಿಕರು. ಅದೇ ವರ್ಷದ ಆಗಸ್ಟ್‌ನಲ್ಲಿ ಒಂದು ಭಾಗ ಮತ್ತೆ ಶುರುವಾಯಿತು. ಧರಣಿ ಕೂತವರು ಕೇಳಿದ್ದು ಹೆಚ್ಚು ಸಂಬಳವನ್ನಲ್ಲ, ಕೆಲಸವನ್ನು. ಕನಿಷ್ಠ ವೇತನದ ಕಾನೂನು ಒಂದು ದಿನದ ಕೂಲಿ ಇಷ್ಟು ಎಂದು ಹೇಳಬಲ್ಲದು. ತಿಂಗಳಿಗೆ ಎಷ್ಟು ದಿನ ಕೆಲಸ ಎಂದು ಹೇಳಲಾರದು. ಹಾಜರಿ ಪುಸ್ತಕ ಗುತ್ತಿಗೆದಾರನ ಕೈಯಲ್ಲಿರುವಾಗ ದಿನಗಳೇ ಕೊಳಗವಾಗುತ್ತವೆ.

ಇವೆರಡು ಊರುಗಳ ನಡುವೆ ಮಾಚೇನಹಳ್ಳಿ ಕೈಗಾರಿಕಾ ಪ್ರದೇಶವಿದೆ. ಬೆಳಿಗ್ಗೆ ಹಳ್ಳಿಹಳ್ಳಿಗಳಿಂದ ಬಸ್ಸುಗಳು ಗಾರ್ಮೆಂಟ್ಸ್ ಹೆಣ್ಣುಮಕ್ಕಳನ್ನು ತಂದು ಇಳಿಸುತ್ತವೆ. ಭದ್ರಾವತಿಯ ಎಷ್ಟೋ ಮನೆಗಳಲ್ಲಿ ಅಪ್ಪನ ಕಾರ್ಖಾನೆಯ ಸಂಬಳ ನಿಂತ ಮೇಲೆ ಮಗಳ ಗಾರ್ಮೆಂಟ್ಸ್ ಸಂಬಳದಲ್ಲಿ ಒಲೆ ಉರಿದಿದೆ. ಇಲ್ಲಿ ಕನಿಷ್ಠ ವೇತನ ಜಾರಿಯಲ್ಲಿದೆ ಎಂಬುದನ್ನು ಒಪ್ಪಬೇಕು. ಪಿ.ಎಫ್., ಇ.ಎಸ್.ಐ. ಇವೆ, ಸಂಬಳ ಬ್ಯಾಂಕಿಗೆ ಬರುತ್ತದೆ. ಕಾನೂನು ತಲುಪಿದಲ್ಲಿ ಕೆಲಸ ಮಾಡುತ್ತದೆ ಎಂಬುದಕ್ಕೆ ಇದೇ ಸಾಕ್ಷಿ. ಆದರೆ ಈ ಉದ್ದಿಮೆಯಲ್ಲಿ ಕನಿಷ್ಠವೇ ಗರಿಷ್ಠವಾಗಿಬಿಟ್ಟಿದೆ. ಹತ್ತು ವರ್ಷ ಮಿಷನ್ ತುಳಿದವಳಿಗೂ ನಿನ್ನೆ ಸೇರಿದವಳಿಗೂ ನಡುವಿನ ಅಂತರ ಅತ್ಯಲ್ಪ. ಸಂಬಳ ಏರುವುದು ಸರ್ಕಾರ ತುಟ್ಟಿಭತ್ಯೆ ಏರಿಸಿದಾಗ ಮಾತ್ರ. ಅದನ್ನೂ 2020ರ ಜುಲೈನಲ್ಲಿ ಕೊರೋನಾ ನೆಪದಲ್ಲಿ ರಾಜ್ಯ ಸರ್ಕಾರ ಒಂದು ವರ್ಷ ಮುಂದೂಡಿತು. ತಿಂಗಳಿಗೆ 417 ರೂಪಾಯಿ. ದಿನಕ್ಕೆ ಹದಿನಾರು ರೂಪಾಯಿಯಾಗುತ್ತದೆ. ಹೈಕೋರ್ಟ್ ಮಧ್ಯೆ ಪ್ರವೇಶಿಸಿದ ಮೇಲೂ ರಾಜ್ಯದ ಹಲವಾರು ಕಾರ್ಖಾನೆಗಳು ಅದನ್ನು ಕೊಡಲಿಲ್ಲ. ಕಾರ್ಮಿಕ ಸಂಘಟನೆಗಳು ವಿದೇಶಿ ಬ್ರಾಂಡುಗಳ ಬಾಗಿಲು ತಟ್ಟಿದ ನಂತರ ಬಾಕಿ ಬರತೊಡಗಿತು. ನಮ್ಮ ಕಾನೂನನ್ನು ನಮ್ಮಲ್ಲಿ ಜಾರಿ ಮಾಡಿಸಲು ಅಮೆರಿಕದ ಅಂಗಡಿಯವನ ಮುಲಾಜು ಬೇಕಾಯಿತು ಎಂಬುದು ನಾಚಿಕೆಯ ಸಂಗತಿ.

ಕಾರ್ಖಾನೆಯ ಗೇಟು ದಾಟಿ ಹೊರಬಂದರೆ ಕಾನೂನಿನ ದನಿ ಕ್ಷೀಣವಾಗುತ್ತಾ ಹೋಗುತ್ತದೆ. ಮುಸ್ಲಿಂ ದುಡಿಯುವ ಹೆಣ್ಣುಮಕ್ಕಳಲ್ಲಿ ಶೇ. 70ರಷ್ಟು ಮಂದಿ ಮನೆಯೊಳಗೇ ದುಡಿಯುತ್ತಾರೆ, ಒಟ್ಟಾರೆ ದುಡಿಯುವ ಹೆಣ್ಣುಮಕ್ಕಳಲ್ಲಿ ಈ ಪ್ರಮಾಣ ಶೇ. 51 ಎಂದು ಸಾಚಾರ್ ಸಮಿತಿ 2006ರಲ್ಲೇ ಹೇಳಿತ್ತು. ಆ ವರದಿಯಿಂದ ನಾವು ಮೀಸಲಾತಿಯ ಚರ್ಚೆಯನ್ನು ಎತ್ತಿಕೊಂಡೆವು, ಈ ಮಾತನ್ನು ಅಲ್ಲೇ ಬಿಟ್ಟೆವು. ಊದಿನಕಡ್ಡಿ ಹೊಸೆಯುವವರಿಗೆ, ಬೀಡಿ ಕಟ್ಟುವವರಿಗೆ ಕೂಲಿ ಸಾವಿರದ ಲೆಕ್ಕದಲ್ಲಿ. ಸಾವಿರಕ್ಕೆ ಇಷ್ಟು ಎಂದು ಸರ್ಕಾರ ದರ ನಿಗದಿ ಮಾಡುತ್ತದೆ, ಒಬ್ಬರು ದಿನಕ್ಕೆ ಇಷ್ಟು ಸಾವಿರ ಮಾಡಬಲ್ಲರು ಎಂಬ ಊಹೆಯ ಮೇಲೆ. ಮಗುವಿಗೆ ಹಾಲು ಕುಡಿಸಿ, ನಲ್ಲಿಗೆ ಕೊಡ ಇಟ್ಟು, ಅತ್ತೆಗೆ ಮಾತ್ರೆ ಕೊಟ್ಟು ಬಂದು ಕೂತವಳ ಕೈಯಲ್ಲಿ ಆ ಸಾವಿರ ದಿನದೊಳಗೆ ಮುಗಿಯುವುದಿಲ್ಲ. ಮುಗಿದರೂ ಕಡ್ಡಿ ವಕ್ರ, ಹಿಟ್ಟು ಕಡಿಮೆ, ಎಲೆ ಹರಿದಿದೆ ಎಂದು ಒಂದಷ್ಟು ಪಕ್ಕಕ್ಕೆ ಹೋಗುತ್ತದೆ. ಪಕ್ಕಕ್ಕೆ ಹೋದದ್ದು ಬುಟ್ಟಿಯಲ್ಲೇ ಉಳಿಯುತ್ತದೆ, ಕೂಲಿ ಮಾತ್ರ ಇಲ್ಲ. ಬೀಡಿಯವರಿಗೆ 1966ರ ಪ್ರತ್ಯೇಕ ಕಾನೂನಿನಿಂದ ಲಾಗ್‌ಬುಕ್ ಆದರೂ ಸಿಕ್ಕಿತ್ತು. ಊದಿನಕಡ್ಡಿಯವರಿಗೆ ಅದೂ ಇಲ್ಲ. ಎಷ್ಟು ಒಯ್ದರು, ಎಷ್ಟು ತಂದರು ಎಂಬುದೆಲ್ಲ ಮಧ್ಯವರ್ತಿಯ ನೋಟ್‌ಬುಕ್ಕಿನಲ್ಲಿ. ಇದರ ಮೇಲೆ ಯಂತ್ರವೂ ಬಂತು, ವಿಯೆಟ್ನಾಂನ ಕಡ್ಡಿಯೂ ಬಂತು. 2019ರ ಆಗಸ್ಟ್‌ನಲ್ಲಿ ಕೇಂದ್ರ ಆಮದಿಗೆ ಕಡಿವಾಣ ಹಾಕಿತಾದರೂ ಯಂತ್ರಕ್ಕೆ ಹೋದ ಕೆಲಸ ಕೈಗೆ ಮರಳಿ ಬರುವುದು ಕಷ್ಟ. ದರ ಏರಿಸಿದರೆ ಇವರ ಬಡತನ ತೀರಿತು ಎಂದು ನಾವು ಹೇಳಲಾರೆವು.

ಅಡಿಕೆಯ ಕೆಲಸವನ್ನೂ ನೋಡಿ. ಶಿವಮೊಗ್ಗದ ಮಾರುಕಟ್ಟೆಯಲ್ಲಿ ಸರಕು, ಬೆಟ್ಟೆ, ರಾಶಿ, ಗೊರಬಲು ಎಂದು ದಿನಕ್ಕೊಂದು ದರ ಪತ್ರಿಕೆಯಲ್ಲಿ ಬರುತ್ತದೆ. ಸುಲಿದವರ ದರ ಯಾವ ಪತ್ರಿಕೆಯಲ್ಲೂ ಬರುವುದಿಲ್ಲ. ಮರ ಹತ್ತಿ ಕೊನೆ ಇಳಿಸುವ ಕೊನೆಗೌಡನಿಗೆ ಸರ್ಕಾರದ ಕನಿಷ್ಠ ವೇತನ ಬೇಕಿಲ್ಲ. ಅವನು ಸಿಗುವುದೇ ಕಷ್ಟ, ಕೇಳಿದ್ದನ್ನು ಕೊಡಬೇಕು. ಅವನ ಕೂಲಿ ಏರಿದ್ದು ಕಾನೂನಿನಿಂದಲ್ಲ, ಅಭಾವದಿಂದ. ಕೆಳಗೆ ಕೂತು ರಾತ್ರಿಯವರೆಗೆ ಅಡಿಕೆ ಸುಲಿಯುವ ಹೆಂಗಸಿಗೆ ಆ ಅನುಕೂಲವಿಲ್ಲ. ಅವಳ ಕೂಲಿ ಡಬ್ಬದ ಲೆಕ್ಕವೋ ಕಿಲೋ ಲೆಕ್ಕವೋ ಆಗಿರುತ್ತದೆ. ಡಬ್ಬ ಯಾರದ್ದು? ಸುಲಿಸುವವರದ್ದು. ಎಷ್ಟು ತುಂಬಿದರೆ ತುಂಬಿದಂತೆ? ಅದನ್ನೂ ಅವರೇ ಹೇಳಬೇಕು. ಕಾಗೋಡಿನ ರೈತರಿಗೆ ಈ ದೃಶ್ಯದ ಅರ್ಥವನ್ನು ಬಿಡಿಸಿ ಹೇಳಬೇಕಾಗಿರಲಿಲ್ಲ.

ಖಾಸಗಿಯವರು ಹಾಗಿರಲಿ, ಸರ್ಕಾರವೇ ಮಾಲೀಕನಾದಾಗ ಏನು ಮಾಡುತ್ತದೆ? ಉದ್ಯೋಗ ಖಾತ್ರಿಯ ಕೂಲಿಯನ್ನು ಕೇಂದ್ರ 2009ರಲ್ಲಿ ರಾಜ್ಯದ ಕನಿಷ್ಠ ವೇತನದಿಂದ ಬೇರ್ಪಡಿಸಿತು. ಇದು ತಪ್ಪು, ಕನಿಷ್ಠ ವೇತನ ಕೊಡಲೇಬೇಕೆಂದು ಕರ್ನಾಟಕ ಹೈಕೋರ್ಟ್ 2011ರಲ್ಲಿ ಹೇಳಿತು. ಕೇಂದ್ರ ಸುಪ್ರೀಂ ಕೋರ್ಟಿಗೆ ಹೋಯಿತು, ತಡೆಯಾಜ್ಞೆ ಸಿಗಲಿಲ್ಲ, ಕೂಲಿಯೂ ಅಷ್ಟಕ್ಕೆ ಏರಲಿಲ್ಲ. 2025-26ರಲ್ಲಿ ಕರ್ನಾಟಕಕ್ಕೆ ನಿಗದಿಯಾದ ಖಾತ್ರಿ ಕೂಲಿ ದಿನಕ್ಕೆ 370 ರೂಪಾಯಿ. ಅದೇ ವರ್ಷದ ರಾಜ್ಯದ ಕರಡಿನ ಕೆಳಗಿನ ದರವನ್ನು ಇಪ್ಪತ್ತಾರು ದಿನಕ್ಕೆ ಭಾಗಿಸಿದರೆ 743 ರೂಪಾಯಿ. ಒಂದು ಸರ್ಕಾರ ಬದುಕಲು ಇಷ್ಟು ಬೇಕೆಂದು ಲೆಕ್ಕ ಹಾಕಿದ್ದರ ಅರ್ಧವನ್ನು ಇನ್ನೊಂದು ಸರ್ಕಾರ ಕೂಲಿಯೆಂದು ಕೊಟ್ಟಿತು. ಕನಿಷ್ಠ ವೇತನಕ್ಕಿಂತ ಕಡಿಮೆ ಕೊಟ್ಟು ದುಡಿಸುವುದು ಸಂವಿಧಾನದ 23ನೆಯ ವಿಧಿ ನಿಷೇಧಿಸಿದ ಬಲವಂತದ ದುಡಿಮೆ ಎಂದು 1982ರ ಏಷ್ಯನ್ ಕ್ರೀಡಾಕೂಟದ ಕಾಮಗಾರಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದ್ದು ಇದೇ ದೇಶದಲ್ಲಿ. ಇನ್ನು ದೇಶದಾದ್ಯಂತ ಕೆಳಮಿತಿಯಾಗಿ ದಿನಕ್ಕೆ 375 ರೂಪಾಯಿ ಇರಲಿ ಎಂದು ತಜ್ಞರ ಸಮಿತಿ 2019ರಲ್ಲಿ ಶಿಫಾರಸು ಮಾಡಿದಾಗ ಕೇಂದ್ರ 176ನ್ನು 178 ಮಾಡಿತು. ಎರಡು ರೂಪಾಯಿ.

ಅಂಗನವಾಡಿ, ಆಶಾ, ಬಿಸಿಯೂಟದ ಹೆಣ್ಣುಮಕ್ಕಳ ವಿಷಯದಲ್ಲಿ ಸರ್ಕಾರ ಇನ್ನೂ ಜಾಣತನ ತೋರಿದೆ. ಅವರಿಗೆ ಕೊಡುವುದು ವೇತನವಲ್ಲ, 'ಗೌರವಧನ'. ಅಂಗನವಾಡಿ ಕಾರ್ಯಕರ್ತೆಯರದ್ದು ಸರ್ಕಾರಿ ಹುದ್ದೆಯಲ್ಲ ಎಂದು ಸುಪ್ರೀಂ ಕೋರ್ಟ್ 2006ರಲ್ಲಿ ತೀರ್ಪಿತ್ತದ್ದು ಕರ್ನಾಟಕದ್ದೇ ಪ್ರಕರಣದಲ್ಲಿ. ಅವರಿಗೆ ಗ್ರಾಚ್ಯುಟಿಯ ಹಕ್ಕಿದೆ ಎಂದು ಅದೇ ನ್ಯಾಯಾಲಯ ಹೇಳಲು 2022 ಬರಬೇಕಾಯಿತು. ಹೆಸರಿನಲ್ಲಿ ಗೌರವವಿದೆ, ಧನದಲ್ಲಿ ಇಲ್ಲ. ವೇತನ ಎಂದೊಡನೆ ಅದಕ್ಕೊಂದು ಕನಿಷ್ಠ ಇರಬೇಕಾಗುತ್ತದೆ. ಆದ್ದರಿಂದ ಆ ಪದವನ್ನೇ ಬಳಸದಿರುವುದು ಲಾಭದಾಯಕ.

ಮಾಲೀಕರ ಮಾತನ್ನು ನಾವು ತಳ್ಳಿಹಾಕುವುದಿಲ್ಲ. ಸಾಗರ ರಸ್ತೆಯ ಆಟೋ ಕಾಂಪ್ಲೆಕ್ಸಿನಲ್ಲಿ ಸಣ್ಣ ಗ್ಯಾರೇಜು ಇಟ್ಟುಕೊಂಡವನಿಗೆ, ಗಾಂಧಿ ಬಜಾರಿನಲ್ಲಿ ಹತ್ತು ಅಡಿಯ ಬಟ್ಟೆಯಂಗಡಿ ನಡೆಸುವವನಿಗೆ ಇಪ್ಪತ್ತು ಸಾವಿರದ ಸಂಬಳ ಹೊರೆಯೇ. ಸ್ವತಃ ಅವನಿಗೇ ಎಷ್ಟೋ ತಿಂಗಳು ಅಷ್ಟು ಉಳಿಯುವುದಿಲ್ಲ. ಅವನನ್ನೂ ಸಾವಿರಾರು ಜನರ ಕಾರ್ಖಾನೆಯನ್ನೂ ಒಂದೇ ತಕ್ಕಡಿಯಲ್ಲಿ ಇಡುವುದು ಸರಿಯಲ್ಲ ಎಂಬುದನ್ನು ಒಪ್ಪೋಣ. ಆದರೆ ಕೂಲಿ ಏರಿಸಿದರೆ ಕೆಲಸವೇ ಹೋಗುತ್ತದೆ ಎಂಬ ಮಾತನ್ನು ಗಣಿತದ ಸೂತ್ರದಂತೆ ಒಪ್ಪಲಾಗದು. ಅಮೆರಿಕದ ನ್ಯೂಜೆರ್ಸಿಯಲ್ಲಿ 1992ರಲ್ಲಿ ಕನಿಷ್ಠ ವೇತನ ಏರಿದಾಗ ಪಕ್ಕದ ಪೆನ್ಸಿಲ್ವೇನಿಯಾದೊಡನೆ ಹೋಲಿಸಿ ನೋಡಿದ ಡೇವಿಡ್ ಕಾರ್ಡ್ ಮತ್ತು ಅಲನ್ ಕ್ರೂಗರ್ ಅವರಿಗೆ ತಿಂಡಿಯಂಗಡಿಗಳಲ್ಲಿ ಕೆಲಸ ಕಡಿಮೆಯಾದದ್ದು ಕಾಣಲಿಲ್ಲ. ಕಾರ್ಡ್ ಅವರಿಗೆ 2021ರಲ್ಲಿ ನೊಬೆಲ್ ಬಂತು. ಆ ಊರು ಮಾಚೇನಹಳ್ಳಿಯಲ್ಲ ಎಂಬುದು ನಮಗೆ ಗೊತ್ತು. ಕನಿಷ್ಠ ಕೂಲಿಯನ್ನೂ ಕೊಡಲಾಗದ ಉದ್ದಿಮೆಗೆ ಇರುವ ಹಕ್ಕೇ ಇಲ್ಲ ಎಂಬ ತತ್ವವನ್ನು ಸುಪ್ರೀಂ ಕೋರ್ಟ್ 1950ರ ದಶಕದಲ್ಲೇ, ಕ್ರೌನ್ ಅಲ್ಯೂಮಿನಿಯಂ ಪ್ರಕರಣದಲ್ಲಿ ಎತ್ತಿಹಿಡಿದಿದೆ. ಕಠಿಣವಾದ ಮಾತು. ಆದರೆ ಅದರ ಇನ್ನೊಂದು ಮಗ್ಗುಲನ್ನೂ ಯೋಚಿಸಬೇಕು: ಕಡಿಮೆ ಕೂಲಿಯ ಉದ್ದಿಮೆಯನ್ನು ಇಂದು ಬದುಕಿಸಿರುವುದು ಅಲ್ಲಿ ದುಡಿಯುವವರೇ, ತಮ್ಮ ಹೊಟ್ಟೆಯಿಂದ ಕತ್ತರಿಸಿ ಕೊಟ್ಟು.

ಇಲ್ಲಿಯವರೆಗೆ ಸರ್ಕಾರವನ್ನೂ ಉದ್ಯಮಿಗಳನ್ನೂ ಟೀಕಿಸುವುದು ನಮಗೆ ಸುಲಭವಾಗಿತ್ತು. ಮುಂದಿನದ್ದು ಮನೆಯೊಳಗಿನ ಮಾತು.

ನಮ್ಮ ಗ್ಯಾರೇಜುಗಳಲ್ಲಿ, ವೆಲ್ಡಿಂಗ್ ಶೆಡ್ಡುಗಳಲ್ಲಿ, ಮಂಡಿಗಳಲ್ಲಿ ದುಡಿಯುವ ಹುಡುಗರಲ್ಲಿ ಬಹಳಷ್ಟು ಮಂದಿಗೆ ಕೆಲಸ ಕೊಟ್ಟವರು ನಮ್ಮವರೇ. 'ಕೆಲಸ ಕಲಿಯಲಿ' ಎಂದು ಬಿಟ್ಟ ಹುಡುಗನಿಗೆ ಉಸ್ತಾದರು ವಾರಕ್ಕಿಷ್ಟು ಖರ್ಚಿಗೆ ಕೊಡುತ್ತಾರೆ. ಮೊದಲ ವರ್ಷ ಅದು ಕಲಿಕೆ. ಐದನೆಯ ವರ್ಷವೂ ಕಲಿಕೆಯೇ? ಊದಿನಕಡ್ಡಿಯ ಕಟ್ಟು ತಂದುಕೊಡುವ ಮಧ್ಯವರ್ತಿ ಎಷ್ಟೋ ಕಡೆ ಪಕ್ಕದ ಬೀದಿಯವನೇ, ಒಂದೇ ಸಫ್‌ನಲ್ಲಿ ನಮಾಝಿಗೆ ನಿಲ್ಲುವವನೇ. ರಮಝಾನ್ ಬಂದಾಗ ಇದೇ ಮಾಲೀಕರು ಇದೇ ಮನೆಗಳಿಗೆ ಅಕ್ಕಿ, ಎಣ್ಣೆ, ಖರ್ಜೂರದ ಕಿಟ್ ಕಳಿಸುತ್ತಾರೆ, ಝಕಾತ್ ಕೊಡುತ್ತಾರೆ. ಅವರ ಮನಸ್ಸು ಕೆಟ್ಟದ್ದೆಂದು ನಾವು ಹೇಳುತ್ತಿಲ್ಲ. ಆದರೆ ಕೊಡಬೇಕಾದ ಕೂಲಿ ಮಾಲೀಕನ ತಲೆಯ ಮೇಲಿನ ಸಾಲ. ತನ್ನ ಸಾಲವನ್ನು ತೀರಿಸಿ ಅದನ್ನು ಝಕಾತ್ ಎಂದು ಲೆಕ್ಕಕ್ಕೆ ಹಿಡಿಯಲು ಬರುವುದಿಲ್ಲ ಎಂಬುದನ್ನು ಯಾವ ಮದ್ರಸದ ವಿದ್ಯಾರ್ಥಿಯೂ ಹೇಳಿಯಾನು. ಹನ್ನೊಂದು ತಿಂಗಳು ಕಡಿಮೆ ಕೊಟ್ಟು ಹನ್ನೆರಡನೆಯ ತಿಂಗಳು ದಾನ ಮಾಡಿದರೆ, ಪಡೆದವಳು ಜೀವನಪೂರ್ತಿ ಕೈಚಾಚಿದವಳಾಗಿ ಉಳಿಯುತ್ತಾಳೆ, ಕೊಟ್ಟವನು ದಾನಿಯಾಗಿ ಉಳಿಯುತ್ತಾನೆ. ಲೆಕ್ಕ ಸರಿಯಾಗಿ ನೋಡಿದರೆ ಇಬ್ಬರಲ್ಲಿ ಸಾಲಗಾರ ಯಾರು?

ನಮ್ಮ ಮಸೀದಿಗಳೂ ಮಾಲೀಕರೇ ಎಂಬುದನ್ನು ನಾವು ಮರೆಯುತ್ತೇವೆ. ಇಮಾಮರಿಗೆ ವೇತನ ಕೊಡಬೇಕಾದದ್ದು ಹೊಣೆಗಾರಿಕೆ ಎಂದು ಸುಪ್ರೀಂ ಕೋರ್ಟ್ 1993ರಲ್ಲಿ ವಕ್ಫ್ ಮಂಡಳಿಗಳಿಗೆ ಹೇಳಿತು. 2025ರ ಮಾರ್ಚ್‌ನ ರಾಜ್ಯ ಬಜೆಟ್ಟಿನಲ್ಲಿ ಪೇಶ್ ಇಮಾಮರ ಗೌರವಧನ 6,000 ರೂಪಾಯಿಗೂ ಮುಅಝ್ಝಿನರದ್ದು 5,000ಕ್ಕೂ ಏರಿದಾಗ ಒಂದು ಕಡೆಯವರು ಓಲೈಕೆ ಎಂದು ಕೂಗಾಡಿದರು, ಇನ್ನೊಂದು ಕಡೆಯವರು ಅಭಿನಂದನೆಯ ಬ್ಯಾನರ್ ಕಟ್ಟಿದರು. ಇದರ ಮೇಲೆ ಜಮಾಅತ್ ತನ್ನ ಕೈಯಿಂದ ಎಷ್ಟು ಕೊಡುತ್ತದೆ, ಎರಡೂ ಸೇರಿದರೆ ಎಷ್ಟಾಗುತ್ತದೆ ಎಂದು ಎರಡು ಕಡೆಯವರೂ ಕೇಳಲಿಲ್ಲ. ಫಜ್ರ್‌ನಿಂದ ಇಶಾದವರೆಗೆ ಐದು ಹೊತ್ತು, ವಾರದ ರಜೆಯಿಲ್ಲದೆ, ಮಸೀದಿ ಗುಡಿಸಿ ಹೌಝ್ ತುಂಬಿಸುವ ಮುಅಝ್ಝಿನರು ಯಾವ ವಲಯಕ್ಕೆ ಸೇರುತ್ತಾರೆ?

2019ರ ವೇತನ ಸಂಹಿತೆ 2025ರ ನವೆಂಬರ್ 21ರಂದು ಜಾರಿಗೆ ಬಂದಿದೆ, 1948ರ ಕಾಯ್ದೆ ಕೊನೆಗೊಂಡಿದೆ. ಹೊಸದರ ಬಗ್ಗೆ ನಮಗೆ ಅನುಮಾನಗಳಿವೆ. ಕಾರ್ಮಿಕ ನಿರೀಕ್ಷಕರನ್ನು ಅದು 'ಅನುಕೂಲ ಕಲ್ಪಿಸುವವರು' ಎಂದೂ ಕರೆದಿದೆ, ಯಾರ ಅನುಕೂಲ ಎಂಬುದನ್ನು ಕಾದು ನೋಡಬೇಕು. ಆದರೆ ಮೂರು ಅಂಶಗಳು ಕೆಲಸಕ್ಕೆ ಬರುವಂಥವು. ಪಟ್ಟಿಯಲ್ಲಿರುವ ಉದ್ಯೋಗಗಳಿಗೆ ಮಾತ್ರ ಎಂಬ ಹಳೆಯ ಮಿತಿ ಹೋಗಿದೆ. ಬಾಕಿ ಕೂಲಿ ಕೇಳಲು ಆರು ತಿಂಗಳಿದ್ದ ಅವಧಿ ಮೂರು ವರ್ಷವಾಗಿದೆ. ಕೂಲಿ ಕೊಟ್ಟಿದ್ದೇನೆಂದು ರುಜುವಾತು ಮಾಡುವ ಹೊಣೆ ಮಾಲೀಕನದ್ದು. ಆದರೂ ತಾನು ಇಂಥವರ ಬಳಿ ದುಡಿಯುತ್ತೇನೆಂಬುದನ್ನು ಊದಿನಕಡ್ಡಿಯವಳೇ ತೋರಿಸಬೇಕು. ಅವಳ ಬಳಿ ಒಂದು ಚೀಟಿಯೂ ಇಲ್ಲ.

ಇದನ್ನು ಸರಿಪಡಿಸಲು ಬೆಂಗಳೂರಿಗೆ ಹೋಗಬೇಕಾಗಿಲ್ಲ. ಶಿವಮೊಗ್ಗ ಮತ್ತು ಭದ್ರಾವತಿಯ ಜಮಾಅತ್‌ಗಳು ತಂತಮ್ಮ ಮೊಹಲ್ಲಾದಲ್ಲಿ ಮನೆಯಲ್ಲಿ ದುಡಿಯುವ ಪ್ರತಿ ಹೆಣ್ಣುಮಗಳಿಗೆ ಒಂದು ಲೆಕ್ಕದ ಪುಸ್ತಕ ಮಾಡಿಸಿಕೊಡಲಿ. ಎಷ್ಟು ಹಿಟ್ಟು ಬಂತು, ಎಷ್ಟು ಸಾವಿರ ಹೋಯಿತು, ಎಷ್ಟು ಪಕ್ಕಕ್ಕಿಟ್ಟರು, ಕೈಗೆ ಬಂದದ್ದೆಷ್ಟು ಎಂದು ಬರೆದು ಕೊಟ್ಟವನ ಸಹಿ ಹಾಕಿಸಲಿ. ಹೈಸ್ಕೂಲು ಓದುವ ಮಗಳು ಬರೆಯಬಲ್ಲಳು. ಆ ಪುಸ್ತಕಗಳು ಹಂಚಿಕೆಯಾಗುವ ಮೊದಲು ಮಸೀದಿ ಕಮಿಟಿಯ ಮುಂದಿನ ಸಭೆಯಲ್ಲಿ ಮುಅಝ್ಝಿನರ ಸಂಬಳದ ಪುಟ ಮೇಜಿನ ಮೇಲೆ ಬರಲಿ.